ಜಾತ್ರೆಯ ಗದ್ದಲದಲ್ಲಿ ನಮ್ಮ ಹೆಸರು ಮಾತ್ರ ಕಿವಿಗೆ ಬೀಳುವುದೇಕೆ?

ಪ್ರಶ್ನೆ (ವಿದ್ಯಾರ್ಥಿನಿ, ಕೊಪ್ಪಳ):
ಗವಿಮಠದ ಜಾತ್ರೆಯ ಮಹಾದಾಸೋಹದಲ್ಲಿ ರೊಟ್ಟಿ ಮುರಿಯುತ್ತಾ ಅಕ್ಕನೊಡನೆ ಮಾತನಾಡುತ್ತಿದ್ದೆ. ಹಿಂದಿನ ಸಾಲಿನವರ ಒಂದು ಮಾತೂ ನನಗೆ ತಿಳಿದಿರಲಿಲ್ಲ. ಆದರೂ ಅಲ್ಲಿ ಯಾರೋ ನನ್ನ ಹೆಸರು ಹೇಳಿದೊಡನೆ ಥಟ್ಟನೆ ತಿರುಗಿದೆ. ಕೇಳಿಸಿಕೊಳ್ಳದ ಮಾತಿನೊಳಗಿಂದ ಹೆಸರೊಂದೇ ಹೇಗೆ ಕೇಳಿಸಿತು?

ಉತ್ತರ (ಉಪನ್ಯಾಸಕ, ರಾಯಚೂರು):
ತಂಗಿ, ಅವಧಾನದ, ಅಂದರೆ ಮನಸ್ಸು ಗಮನ ಕೊಡುವ ಬಗೆಯ, ಅಧ್ಯಯನವನ್ನು ಬೆಳೆಸಿದ್ದೇ ಈ ಪ್ರಶ್ನೆ. 1953ರಲ್ಲಿ ಬ್ರಿಟಿಷ್ ವಿಜ್ಞಾನಿ ಕಾಲಿನ್ ಚೆರ್ರಿ ಎರಡು ಕಿವಿಗಳಿಗೆ ಬೇರೆ ಬೇರೆ ಮಾತು ಕೇಳಿಸಿ, ಒಂದನ್ನು ಮಾತ್ರ ಕೂಡಲೇ ಪುನರುಚ್ಚರಿಸುವಂತೆ ಹೇಳಿದರು. ಇನ್ನೊಂದು ಕಿವಿಯಲ್ಲಿ ಗಂಡಸಿನ ದನಿ ಹೆಂಗಸಿನದಾದದ್ದು ಕೇಳುಗರಿಗೆ ತಿಳಿಯಿತೇ ಹೊರತು ಆಡಿದ ಮಾತೇನೆಂಬುದು ತಿಳಿಯಲಿಲ್ಲ. ಅರ್ಥ ತಿಳಿಯುವ ಮೊದಲೇ ಮನಸ್ಸು ಬೇಡದ್ದನ್ನು ಸೋಸಿಬಿಡುತ್ತದೆ ಎಂದು ಮನೋವಿಜ್ಞಾನಿ ಡೊನಾಲ್ಡ್ ಬ್ರಾಡ್‌ಬೆಂಟ್ 1958ರಲ್ಲಿ ವಾದಿಸಿದರು. ಅದು ಪೂರ್ಣ ಸತ್ಯವಾಗಿದ್ದರೆ ನಿಮ್ಮ ಹೆಸರೂ ಜರಡಿಯಲ್ಲೇ ಉಳಿಯಬೇಕಿತ್ತು. ಆನ್ ಟ್ರೀಸ್‌ಮನ್ ಅವರ ತಿದ್ದುಪಡಿಯೇ ನನಗೆ ಹೆಚ್ಚು ಒಪ್ಪಿಗೆ: ಗಮನಿಸದ ಮಾತು ಅಳಿದುಹೋಗುವುದಿಲ್ಲ, ಕ್ಷೀಣಿಸುತ್ತದೆ; ಸ್ವಂತ ಹೆಸರಿನಂಥ ಪದಗಳಿಗೆ ಮನಸ್ಸಿನ ಹೊಸ್ತಿಲು ತಗ್ಗಾಗಿರುವುದರಿಂದ ಅಷ್ಟು ಕ್ಷೀಣವಾದ ದನಿಯೂ ಅದನ್ನು ದಾಟಿ ಒಳಬರುತ್ತದೆ.

ಉತ್ತರ (ಶಾಲಾ ಶಿಕ್ಷಕಿ, ಬಳ್ಳಾರಿ):
ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಹೆಸರು ಪ್ರತಿ ಸಲವೂ ಕೇಳಿಸುತ್ತದೆ ಎಂದು ತಿಳಿಯಬಾರದು. 1959ರ ನೆವಿಲ್ ಮೊರೆ ಅವರ ಪ್ರಯೋಗದಲ್ಲಿ ಸುಮಾರು ಮೂರನೇ ಒಂದು ಪಾಲಿನಷ್ಟು ಸಲ ಮಾತ್ರ ಅದು ಗಮನಕ್ಕೆ ಬಂದಿತ್ತು. ಚಿತ್ರ ಬರೆಯುತ್ತಾ ತಲ್ಲೀನಳಾದ ಹುಡುಗಿ ನಾನು ಎರಡು ಸಲ ಕೂಗಿದರೂ ತಲೆ ಎತ್ತದಿದ್ದಾಗ, ಅದನ್ನು ಉದ್ಧಟತನವೆಂದು ಗದರಿಸುವುದನ್ನು ನಾನು ಬಿಟ್ಟಿದ್ದೇನೆ. ಹತ್ತಿರ ಹೋಗಿ ಭುಜ ಮುಟ್ಟುತ್ತೇನೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಪಕ್ಕದಲ್ಲೇ ಇದ್ದ ಅಕ್ಕನಿಗೆ ಆ ಕೂಗು ಕೇಳಿಸಿರಲೇ ಇಲ್ಲ.