ಅಪ್‌ಡೇಟ್: ಟೀ ಕಹಿ ಯಾಕೆ, ಮೇಲೆ ಪದರ ಯಾಕೆ – ಗೊತ್ತಾಯ್ತು

ಹೋದ ವಾರ ಕೇಳಿದ್ದೆ: ದಾವಣಗೆರೆಯ ನಮ್ಮ ಬೋರ್‌ವೆಲ್ ನೀರಲ್ಲಿ ಮಲ್ಲಿಗೆ ಗ್ರೀನ್ ಟೀ ಕಹಿ, ಅರ್ಲ್ ಗ್ರೇ (ಬೆರ್ಗಮಾಟ್ ಅನ್ನೋ ಹುಳಿಹಣ್ಣಿನ ಘಮದ ಬ್ಲ್ಯಾಕ್ ಟೀ) ಮೇಲೆ ಎಣ್ಣೆಯಂಥ ಪದರ, ಯಾಕೆ ಅಂತ. ಪದರದ ವಿಷಯದಲ್ಲಿ ನೀರು ಬದಲಿಸಿ ಅಂದವರೇ ಸರಿ. ಗಡಸು ನೀರಿನ ಕ್ಯಾಲ್ಸಿಯಂ ಟೀಯ ಪಾಲಿಫಿನಾಲ್ (ಎಲೆಯಲ್ಲಿರೋ ಒಗರು ಅಂಶ) ಜೊತೆ ಸೇರಿ ಪದರ ಕಟ್ಟೋದು. ಆರ್‌ಓ ಫಿಲ್ಟರ್ ನೀರಲ್ಲಿ ಅದು ಮಾಯ, ಬೆರ್ಗಮಾಟ್ ಘಮವೂ ಎದ್ದು ಬಂತು. ನಿಂಬೆ ಹಿಂಡಿದರೂ ಪದರ ಹೋಗುತ್ತೆ, ಆದರೆ ಟೀ ರುಚಿಯೇ ಬದಲಾಗೋದ್ರಿಂದ ಹೋಲಿಸೋಕಾಗಲ್ಲ.

ಎಲೆ ಕಡಿಮೆ ಮಾಡಿ ಅನ್ನೋ ಸಲಹೆ ದಂಡ, ಟೀ ಬರೀ ನೀರುನೀರು. ಮಲ್ಲಿಗೆಯ ಕಹಿಗೆ ಕುದಿನೀರೇ ಕಾರಣ. ಈಗ 200 ಮಿಲಿಗೆ 2 ಗ್ರಾಂ, 80 ಡಿಗ್ರಿ, 2 ನಿಮಿಷ. ನಿಂಬೆಹುಲ್ಲಿಗೆ ಮಾತ್ರ ಕುದಿನೀರು, 6 ನಿಮಿಷ.

ಅಚ್ಚರಿ ಅಂದ್ರೆ, ಅಂಗಳದ ದಾಸವಾಳದ ಒಣ ಎಸಳು ನೀರಿಗೆ ಹಾಕಿದ್ರೆ ಮಾಸಲು ನೇರಳೆ ಬಣ್ಣ ಬಿಡ್ತು. ನಾಲ್ಕು ಹನಿ ನಿಂಬೆಗೆ ತಟ್ಟನೆ ಕೆಂಪು! ಹಾಂ, ಬೆಣ್ಣೆ ದೋಸೆ ತಿಂದ ಬಾಯಲ್ಲಿ ರುಚಿ ನೋಡಬೇಡಿ.