ಚೈನ್ ಸ್ಟೋರ್ ಕೈ ಬದಲಾದರೆ ನಮ್ಮ ಬಾಕಿ ಯಾರು ಕೊಡಬೇಕು? ಬಳ್ಳಾರಿ ವ್ಯಾಪಾರಸ್ಥರ ಗುಂಪಿನಲ್ಲಿ ಸಿಎ ಮೇಡಂ ಜೊತೆ ಪ್ರಶ್ನೋತ್ತರ

ಜೀನ್ಸ್ ಘಟಕ, ಬಳ್ಳಾರಿ: ನಮಸ್ಕಾರ ಮೇಡಂ. ಒಂದು ಚೈನ್ ಸ್ಟೋರ್‌ಗೆ ಪ್ಯಾಂಟ್ ಹಾಕ್ತೀವಿ. ಅರ್ಧ ಮಾಲಿಗೆ ಬಿಲ್ ಆಗೈತೆ. ಉಳಿದಿದ್ದು "ಮಾರಿದ್ರೆ ಬಿಲ್, ಉಳಿದ್ರೆ ವಾಪಸ್" ಅಂತ ಡೆಲಿವರಿ ಚಲನ್ (ಬಿಲ್ ಇಲ್ಲದೆ ಮಾಲು ಕಳಿಸೋ ಚೀಟಿ) ಮೇಲೆ ಹೋಗೈತೆ. ಈಗ ಕಂಪನಿ ಬೇರೆಯವರಿಗೆ ಹೋಗ್ತೈತಂತೆ. ನಾವೇನು ಮಾಡ್ಬೇಕು?

ಸಿಎ ಮೇಡಂ: ಅಂಗಡಿ ಬೋರ್ಡ್ ಮೇಲಿನ ಹೆಸರು ಬಿಡಿ, ಪರ್ಚೇಸ್ ಆರ್ಡರ್ ತೆಗೀರಿ. ಅದರಲ್ಲಿರುವ ಜಿಎಸ್‌ಟಿ ನಂಬರಿಗೆ 15 ಅಕ್ಷರ. ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮೂರರಿಂದ ಹನ್ನೆರಡನೇ ಅಕ್ಷರದವರೆಗೆ ಇರೋದು ಕಂಪನಿಯ ಪ್ಯಾನ್. ನಿಮಗೆ ದುಡ್ಡು ಕೊಡಬೇಕಾದವರು ಆ ಪ್ಯಾನ್‌ನವರು.

ಮಾಲೀಕರು ಬದಲಾಗೋದು ಮೂರು ರೀತಿ. ಒಂದು, ಬರೀ ಷೇರು ಮಾರಾಟ. 2019ರಲ್ಲಿ ಬಿರ್ಲಾ ಗುಂಪಿನ 'ಮೋರ್' ಅನ್ನು ವಿಟ್ಜಿಗ್ ಅಡ್ವೈಸರಿ ಕೊಂಡಿತು, ಅದರ ಹಿಂದೆ ಸಮಾರಾ ಕ್ಯಾಪಿಟಲ್ ಮತ್ತು ಅಮೆಜಾನ್ ಇದ್ದವು. ಕಂಪನಿ ಅದೇ, ಬಾಕಿಯೂ ಅದರದ್ದೇ. ಎರಡು, ಕೋರ್ಟ್ (ಈಗ ಕಂಪನಿ ನ್ಯಾಯಮಂಡಳಿ, ಅಂದರೆ ಎನ್‌ಸಿಎಲ್‌ಟಿ) ಒಪ್ಪಿದ ಸ್ಕೀಮ್, ಅಂದರೆ ಒಂದು ವಿಭಾಗವನ್ನು ಬೇರೆ ಕಂಪನಿಗೆ ಸೇರಿಸುವ ಯೋಜನೆ. ಕಿಶೋರ್ ಬಿಯಾನಿಯವರ 'ಪ್ಯಾಂಟಲೂನ್ಸ್' 2012ರ ಒಪ್ಪಂದದ ಮೇಲೆ ಬಿರ್ಲಾ ಗುಂಪಿಗೆ ಹೋಗಿದ್ದು ಹೀಗೆ, 800 ಕೋಟಿ ಸಾಲವನ್ನೂ ಹೊತ್ತುಕೊಂಡು. ಇಲ್ಲಿ ಪ್ಯಾನ್ ಬದಲಾದರೂ ಆ ವಿಭಾಗದ ಬಾಕಿ ಸ್ಕೀಮ್‌ನಲ್ಲಿ ಬರೆದಂತೆ ಹೊಸಬರ ಮೇಲೆ ಬರುತ್ತದೆ. ಮೂರು, ಅಂಗಡಿ ಮತ್ತು ಸ್ಟಾಕ್ ಮಾತ್ರ ಮಾರೋದು. ನನಗೆ ಭಯ ಇರೋದು ಇದರದ್ದೇ. ಒಪ್ಪಂದದಲ್ಲಿ ಬರೆಯದಿದ್ದರೆ ನಿಮ್ಮ ಬಾಕಿ ಹಳೇ ಕಂಪನಿಯಲ್ಲೇ ಉಳಿಯುತ್ತದೆ, ಅಲ್ಲಿ ಮಾರೋಕೆ ಏನೂ ಉಳಿದಿರೋದಿಲ್ಲ.

ಇನ್ನು ನಿಮ್ಮ ಚಲನ್ ಮಾಲು. ವಾಪಸ್ ಮಾಡೋಕೆ ಎಷ್ಟು ದಿನ ಅಂತ ಅದರಲ್ಲಿ ಬರೆದಿದೆಯಾ? ಆ ಗಡುವು ಮೀರಿ, ಬೇಡ ಅಂತಲೂ ಹೇಳದೆ ಅವರು ಇಟ್ಟುಕೊಂಡರೆ, ಸರಕು ಮಾರಾಟ ಕಾಯ್ದೆ ಪ್ರಕಾರ ಮಾಲು ಅವರದ್ದಾಗುತ್ತದೆ. ಜಿಎಸ್‌ಟಿಯಲ್ಲೂ ಮಾಲು ಹೊರಟ ಆರು ತಿಂಗಳೊಳಗೆ ಬಿಲ್ ಹಾಕಲೇಬೇಕು. ಗಡುವು ಉಳಿದಿದ್ದರೆ ನಾಳೆಯೇ ಚಲನ್ ನಂಬರ್, ಸೈಜ್, ಪೀಸ್ ಲೆಕ್ಕದ ಸಮೇತ "ಮಾಲು ನಮ್ಮದು, ವಾಪಸ್ ಕೊಡಿ" ಅಂತ ಇಮೇಲ್ ಮಾಡಿ, ಸ್ಪೀಡ್ ಪೋಸ್ಟೂ ಹಾಕಿ. ಅಂಗಡಿಯವರು ತಮ್ಮ ಬಾರ್‌ಕೋಡ್ ಅಂಟಿಸಿರುತ್ತಾರೆ, ಆದ್ದರಿಂದ ಸೊಂಟಪಟ್ಟಿ ಒಳಗಿನ ನಿಮ್ಮ ಲೇಬಲ್‌ನ ಲಾಟ್ ನಂಬರ್ ಬರೆಯಿರಿ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೂ ಬೇರೆಯವರ ಮಾಲು ಕಂಪನಿ ಆಸ್ತಿಗೆ ಸೇರೋದಿಲ್ಲ, ಆದರೆ ಅದು ನಿಮ್ಮದು ಅಂತ ತೋರಿಸೋ ಹೊಣೆ ನಿಮ್ಮದು.

ಬಿಲ್ ಆದ ಅರ್ಧಕ್ಕೆ ಬಾಕಿ ದೃಢೀಕರಣ ಪತ್ರ ತಗೊಳ್ಳಿ: ಬಿಲ್‌ವಾರು, ತಾರೀಖು, ಸಹಿ ಸಮೇತ. ಮೂರು ವರ್ಷದ ಕಾಲಮಿತಿ ಮುಗಿಯುವ ಮುಂಚೆ ಸಹಿ ಬಿದ್ದರೆ ಆ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತದೆ.

ಅಕ್ಕಿ ವ್ಯಾಪಾರಿ, ಗಂಗಾವತಿ: ನಮ್ದೂ ಅದೇ ಮೇಡಂ, ಸೋನಾ ಮಸೂರಿ ಹಾಕೀವಿ. ಬಾಕಿ ಯಾರು ಕೊಡ್ತಾರ್ರಿ?

ಸಿಎ ಮೇಡಂ: ಮೇಲೆ ಬರೆದಿದ್ದೇನೆ. ಪ್ಯಾನ್ ನೋಡಿ.

ಅಕ್ಕಿ ವ್ಯಾಪಾರಿ, ಗಂಗಾವತಿ: ಉದ್ಯಮ್ ಸರ್ಟಿಫಿಕೇಟ್ ಐತಿ. ಸಣ್ಣ ಉದ್ದಿಮೆಯವ್ರಿಗೆ 45 ದಿನದಾಗ ದುಡ್ಡು ಕೊಡ್ಬೇಕನ್ನೋ ರೂಲ್ ನಮಗ ಬರ್ತದಲ್ರಿ?

ಸಿಎ ಮೇಡಂ: ಕೊಂಡು ಮಾರೋರಿಗೆ ಬರೋಲ್ಲ. ಮಿಲ್ ನಿಮ್ಮದೇ ಆದರೆ ಬರುತ್ತದೆ. ಆಗ ತಡವಾದ ದುಡ್ಡಿಗೆ ಆರ್‌ಬಿಐನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ.

ಕಿರಾಣಿ, ಸಿಂಧನೂರು: ಫಾರ್ವರ್ಡ್ ಬಂದೈತಿ ನೋಡ್ರಿ: "ಅಂಗಡಿ ಕೊಂಡವರು 15 ದಿನದಲ್ಲಿ ಹಳೇ ಬಾಕಿ ಕಟ್ಟದಿದ್ದರೆ ಜೈಲು. ಗ್ರಾಹಕ ನ್ಯಾಯಾಲಯಕ್ಕೆ ಅರ್ಜಿ ಹಾಕಿ. ಎಲ್ಲರಿಗೂ ಕಳಿಸಿ."

ಸಿಎ ಮೇಡಂ: ದಯವಿಟ್ಟು ಯಾರಿಗೂ ಕಳಿಸಬೇಡಿ. ಮರುಮಾರಾಟಕ್ಕೆ ಮಾಲು ಹಾಕುವ ನೀವು ಗ್ರಾಹಕರಲ್ಲ. ಆ 15 ದಿನ ಚೆಕ್ ಬೌನ್ಸ್ ಕಾನೂನಿನದ್ದು. ಬ್ಯಾಂಕ್ ಮೆಮೊ ಬಂದ 30 ದಿನದೊಳಗೆ ನೋಟಿಸ್, ನೋಟಿಸ್ ಮುಟ್ಟಿ 15 ದಿನ ಕಾಯಬೇಕು, ಆಮೇಲೆ ಒಂದು ತಿಂಗಳೊಳಗೆ ಕೇಸ್. ಈ ಮೆಸೇಜ್ ನಂಬಿ ಸುಮ್ಮನೆ ಕೂತರೆ ಆ 30 ದಿನ ಕೈತಪ್ಪುತ್ತವೆ.

ಸದಸ್ಯ, ಕೊಪ್ಪಳ: ಮೇಡಂ ಸುಮ್ನ ಹೆದರಿಸ್ತಾರ. ಬಿಗ್ ಬಜಾರ್ ರಿಲಯನ್ಸ್‌ನವ್ರು ತಗೊಂಡ್ರು, ಎಲ್ಲಾರ ಬಾಕಿ ಕೊಟ್ರು.

ಸದಸ್ಯ, ರಾಯಚೂರು: ಕಂಪನಿ ತಗೊಂಡಿಲ್ರಿ. 2020ರ ಆಗಸ್ಟ್‌ನಾಗ 24,713 ಕೋಟಿ ಒಪ್ಪಂದ ಆತು. ಅಮೆಜಾನ್ ತಕರಾರು ತೆಗೀತು. 2022ರ ಏಪ್ರಿಲ್‌ನಾಗ ಸಾಲ ಕೊಟ್ಟ ಬ್ಯಾಂಕಿನವ್ರು ಒಲ್ಲೆ ಅಂದ್ರು, ಒಪ್ಪಂದ ಬಿತ್ತು.

ಸದಸ್ಯ, ಕೊಪ್ಪಳ: ಹಂಗಾದ್ರ ಅದೇ ಜಾಗದಾಗ ಸ್ಮಾರ್ಟ್ ಬಜಾರ್ ಹೆಂಗ ಬಂತು? ಗೊತ್ತಿದ್ರ ಮಾತಾಡ್ರಿ.

ಸದಸ್ಯ, ರಾಯಚೂರು: ಓದಿ ಬಂದು ನೀವು ಮಾತಾಡ್ರಿ. ಲೀಸ್ ಮೊದಲೇ ರಿಲಯನ್ಸ್ ಹೆಸರಿಗೆ ಹೋಗಿತ್ತು.

ಸಿಎ ಮೇಡಂ: ರಾಯಚೂರಿನವರು ಹೇಳಿದ್ದು ಸರಿ. ಬಿಗ್ ಬಜಾರ್ ನಡೆಸುತ್ತಿದ್ದ ಫ್ಯೂಚರ್ ರಿಟೇಲ್ ಬಾಡಿಗೆ ಕಟ್ಟಲಾಗದೆ ಹಲವು ಅಂಗಡಿಗಳ ಲೀಸ್ ರಿಲಯನ್ಸ್ ಕಡೆಗೆ ಹೋಯಿತು, ಆ ಜಾಗಗಳನ್ನೇ ಫ್ಯೂಚರ್‌ಗೆ ಒಳಬಾಡಿಗೆಗೆ ಕೊಟ್ಟಿದ್ದರು. 2022ರ ಫೆಬ್ರವರಿಯಲ್ಲಿ ಜಾಗ ವಾಪಸ್ ತಗೊಂಡರು. ಅದೇ ವರ್ಷದ ಜುಲೈನಲ್ಲಿ ಫ್ಯೂಚರ್ ರಿಟೇಲ್ ಮುಂಬೈ ಎನ್‌ಸಿಎಲ್‌ಟಿಯಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು, 2024ರಲ್ಲಿ ಲಿಕ್ವಿಡೇಶನ್‌ಗೆ, ಅಂದರೆ ಆಸ್ತಿ ಮಾರಿ ಕಂಪನಿ ಮುಚ್ಚೋಕೆ, ಆದೇಶವಾಯಿತು. ಮಾಲು ಹಾಕಿದವರ ಬಾಕಿ ಉಳಿದಿದ್ದು ಫ್ಯೂಚರ್ ರಿಟೇಲ್ ಲೆಕ್ಕದಲ್ಲೇ. ಲಿಕ್ವಿಡೇಶನ್‌ನಲ್ಲಿ ಅಡಮಾನದ ಸಾಲದವರು, ಕಾರ್ಮಿಕರು, ಸರ್ಕಾರ ಆದಮೇಲೆ ಮಾಲು ಹಾಕಿದವರ ಸರದಿ.

ಸದಸ್ಯ, ಕೊಪ್ಪಳ: ಎಲ್ಲಾ ಪುಸ್ತಕದ ಮಾತು.

ಅಡ್ಮಿನ್: ವೈಯಕ್ತಿಕ ಮಾತು ಬೇಡ.

ಸದಸ್ಯೆ, ಬಳ್ಳಾರಿ: ಮೇಡಂ, ಗಿಫ್ಟ್ ವೋಚರ್ ಉಳಿದಾವೆ, ಹೊಸ ಅಂಗಡೀಲಿ ನಡೀತಾವಾ?

ಕಟ್ಟಡದವರು, ರಾಯಚೂರು: ನಮ್ಮ ಬಿಲ್ಡಿಂಗ್ ಬಾಡಿಗಿ ಈಗ ಬೇರೆ ಕಂಪನಿ ಅಕೌಂಟಿಂದ ಬರಾಕತ್ತೈತಿ. ತಗೋಬಹುದೇನ್ರಿ?

ಸಿಎ ಮೇಡಂ: ಯಾವ ಒಪ್ಪಂದದ ಮೇಲೆ ಕೊಡುತ್ತಿದ್ದಾರೆ ಅಂತ ಮೊದಲು ಪತ್ರದಲ್ಲಿ ಕೇಳಿ. ಹಳೇ ಬಾಕಿ, ಡಿಪಾಸಿಟ್ ಎರಡನ್ನೂ ಹೊಸ ಲೀಸ್‌ನಲ್ಲಿ ಬರೆಸಿ ನೋಂದಣಿ ಮಾಡಿಸಿ. ಹಳೇ ಕಂಪನಿ ದಿವಾಳಿ ಪ್ರಕ್ರಿಯೆಯಲ್ಲಿದ್ದು ಜಾಗ ಅವರ ಕೈಲೇ ಇದ್ದರೆ, ಮೊರಟೋರಿಯಂ (ಕಂಪನಿ ಮೇಲಿನ ವಸೂಲಿ ಕ್ರಮಗಳಿಗೆ ತಡೆ) ಮುಗಿಯುವವರೆಗೆ ಖಾಲಿ ಮಾಡಿಸೋಕೆ ಆಗೋಲ್ಲ.

ಸದಸ್ಯ, ಸಿರುಗುಪ್ಪ: ಅಲ್ಲಿ ಕೆಲಸ ಮಾಡೋ ಹುಡುಗರ ಪಿಎಫ್ ಏನಾಗ್ತೈತೆ ಮೇಡಂ?

ಕಿರಾಣಿ, ಸಿಂಧನೂರು: ಮೇಡಂ, ಬಾಕಿ ಹೊಸ ಮಾಲೀಕರೇ ಕೊಡಬೇಕಲ್ರಿ?

ಸಿಎ ಮೇಡಂ: ಮೊದಲಿಂದ ಓದಿ.

ಜೀನ್ಸ್ ಘಟಕ, ಬಳ್ಳಾರಿ: ಮೇಡಂ, ಚಲನ್ ಮೇಲೆ 90 ದಿನ ಅಂತೈತೆ. ಇನ್ನೂ 11 ದಿನ ಉಳಿದೈತೆ. ಒಂದು ವೇಳೆ ದಿವಾಳಿ ಅಂದ್ರೆ?

ಸಿಎ ಮೇಡಂ: ಹಾಗಾದರೆ ಇವತ್ತೇ ಇಮೇಲ್ ಮಾಡಿ, ನಾಳೆ ಗಾಡಿ ಕಳಿಸಿ, ಕೊಟ್ಟಷ್ಟು ವಾಪಸ್ ತನ್ನಿ. ಕೊಡದಿದ್ದರೆ ಸ್ಟೋರ್ ಮ್ಯಾನೇಜರ್ ಹತ್ರ "ಇಷ್ಟು ಪೀಸ್ ನಮ್ಮಲ್ಲಿದೆ" ಅಂತ ಸೀಲ್ ಹಾಕಿಸಿಕೊಳ್ಳಿ. ದಿವಾಳಿ ಪ್ರಕಟಣೆ ಬಂದರೆ ಬಿಲ್ ಆದ ಬಾಕಿಗೆ ಫಾರ್ಮ್ ಬಿ (ಮಾಲು ಹಾಕಿದವರು ಬಾಕಿ ಕೇಳುವ ಅರ್ಜಿ) ಹಾಕಿ, ಪ್ರಕಟಣೆಯಲ್ಲಿ ಕೊಟ್ಟ ಕೊನೆ ತಾರೀಖಿನೊಳಗೆ. ಚಲನ್ ಮಾಲನ್ನು ಅದರಲ್ಲಿ ಬಾಕಿ ಅಂತ ಸೇರಿಸಬೇಡಿ, ಸೇರಿಸಿದರೆ ಮಾರಿದ್ದೇವೆ ಅಂತ ನೀವೇ ಒಪ್ಪಿಕೊಂಡಂತೆ. ಅದಕ್ಕೆ ಬೇರೆ ಪತ್ರ.