ಅಭಿಷೇಕ ಮೊದಲೇ ಆಗಿದ್ದರೆ ನೀರಿನ ದೀಕ್ಷಾಸ್ನಾನ ಬೇಕೆ?

ಪ್ರಶ್ನೆ (ಸದಸ್ಯೆ, ಕಲ್ಯಾಣಪುರ): ಕರ್ತನ ನಾಮದಲ್ಲಿ ವಂದನೆ, ಪಾಸ್ಟರ್. ನಮ್ಮ ಅತ್ತೆಗೆ 72 ವರ್ಷ. ಮೊಣಕಾಲು ನೋವು, ಶುಗರ್ ಇದೆ. ಹೋದ ತಿಂಗಳು ಪ್ರಾರ್ಥನೆಯಲ್ಲಿ ಅಭಿಷೇಕ ಹೊಂದಿ, ಅಂದರೆ ಪವಿತ್ರಾತ್ಮ ಬಂದು, ಅನ್ಯಭಾಷೆ (ತಾವು ಕಲಿಯದ ಭಾಷೆ) ಮಾತಾಡಿದರು. ನೀರಿನ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಇನ್ನೂ ಆಗಿಲ್ಲ. ನೀರಿಗಿಂತ ಮೊದಲು ಆತ್ಮ ಬರುವುದಿಲ್ಲ, ಅದು ಸುಳ್ಳು ಅಂತ ಕೆಲವರು. ಆತ್ಮವೇ ಬಂದ ಮೇಲೆ ನೀರು ಯಾಕೆ ಅಂತ ಇನ್ನು ಕೆಲವರು. ಕೊಡಿಸುವುದಾದರೆ ಆಗಸ್ಟಿನಲ್ಲಿ ಸ್ವರ್ಣಾ ಹೊಳೆಯಲ್ಲಿ ಆಗಬಹುದಾ?

ಉತ್ತರ (ಸಭಾಪಾಲಕ, ಉಡುಪಿ): ವಂದನೆ, ಸಹೋದರಿ. ಬೈಬಲಿನ ಅಪೊಸ್ತಲರ ಕೃತ್ಯಗಳನ್ನು ಓದಿದರೆ ಈ ಎರಡು ಮಾತೂ ನಿಲ್ಲುವುದಿಲ್ಲ. 2:38ರಲ್ಲಿ ಮೊದಲು ಸ್ನಾನ, ಆಮೇಲೆ ಆತ್ಮವರ. ಸಮಾರ್ಯದಲ್ಲಿ ಫಿಲಿಪ್ಪ ಬೋಧಿಸಿದಾಗಲೇ ನೀರಿನ ಸ್ನಾನ ಆಗಿತ್ತು, ಆದರೂ ಅಪೊಸ್ತಲರಾದ ಪೇತ್ರ ಯೋಹಾನರು ಬಂದು ಕೈಯಿಟ್ಟ ಮೇಲೆಯೇ ಆತ್ಮ ಬಂದದ್ದು (8:12–17). ನಿಮ್ಮ ಅತ್ತೆಯವರದು ರೋಮನ್ ಸೇನಾಧಿಕಾರಿ ಕೊರ್ನೇಲ್ಯನ ಮನೆಯ ಕ್ರಮ (10:44–48): ಪೇತ್ರ ಇನ್ನೂ ಮಾತಾಡುತ್ತಿರುವಾಗಲೇ ಆತ್ಮ ಇಳಿಯಿತು, ಅವರು ಅನ್ಯಭಾಷೆ ಮಾತಾಡಿದರು. ಆಗ ಪೇತ್ರ ಇನ್ನು ನೀರು ಬೇಡ ಅನ್ನಲಿಲ್ಲ. ಇವರಿಗೆ ನೀರನ್ನು ಯಾರು ತಡೆದಾರು ಎಂದು ಕೇಳಿ, ಸ್ನಾನ ಮಾಡಿಸಲು ಅಪ್ಪಣೆ ಕೊಟ್ಟ. ಹಾಗಾಗಿ ಕೊಡಿಸಿ, ತಡಮಾಡಬೇಡಿ. ಅಭಿಷೇಕ ಸುಳ್ಳು ಎಂದು ಆ ಹಿರಿಯರ ಮನಸ್ಸು ನೋಯಿಸುವುದಂತೂ ಬೇಡವೇ ಬೇಡ.

ಹೊಳೆ ಬೇಡ. ಆಟಿ, ಸೋಣ ಎಂಬ ಮಳೆಗಾಲದ ತುಳು ತಿಂಗಳುಗಳಲ್ಲಿ ನೀರು ಕೆಂಪಾಗಿ ತಳ ಕಾಣುವುದಿಲ್ಲ, ಮರಳು ತೆಗೆದ ಗುಂಡಿ ಎಲ್ಲಿದೆಯೋ ತಿಳಿಯುವುದಿಲ್ಲ. ಅಳಿವೆಯ ಕಡೆ ಇಳಿತದ ಸೆಳೆತ ಬೇರೆ. ಸಭೆಯ ತೊಟ್ಟಿಯಲ್ಲೇ ಆಗಲಿ.

ನಿಂತವರನ್ನು ಹಿಂದಕ್ಕೆ ಮಲಗಿಸಿ ಮುಳುಗಿಸಬೇಕಾದರೆ ಅವರು ಮೊಣಕಾಲು ಮಡಚಬೇಕು. ಮಡಚದಿದ್ದರೆ ಕಾಲು ಜಾರಿ ಇಡೀ ಭಾರ ಹಿಡಿದವರ ತೋಳಿಗೆ ಬೀಳುತ್ತದೆ. ಇವರಿಗೆ ತೊಟ್ಟಿಯಲ್ಲಿ ಭಾರದ ಸ್ಟೀಲ್ ಸ್ಟೂಲ್ ಇಡಿ, ಪ್ಲಾಸ್ಟಿಕ್ ಕುರ್ಚಿ ತೇಲುತ್ತದೆ. ಕೂತಾಗ ನೀರು ಎದೆಮಟ್ಟ ಇರಲಿ. ಎರಡು ಬದಿ ಇಬ್ಬರು ಹಿಡಿದು ಮುಂದಕ್ಕೆ ಬಗ್ಗಿಸಿ ತಲೆ ಮುಳುಗಿಸಿದರೆ ಸಾಕು. ಮೂಗನ್ನು ಕರವಸ್ತ್ರದಿಂದ ಅವರೇ ಹಿಡಿದುಕೊಳ್ಳಲಿ. ತಂದೆ, ಮಗ, ಪವಿತ್ರಾತ್ಮನ ನಾಮ ಪೂರ್ತಿ ಹೇಳಿಯೇ ಮುಳುಗಿಸಬೇಕು. ಹೇಳುತ್ತಾ ಮುಳುಗಿಸಿದರೆ ಉಸಿರು ಸಾಲದೆ ನೀರು ಕುಡಿಯುತ್ತಾರೆ. ಬಿಳಿ ಸೀರೆ ಒದ್ದೆಯಾದರೆ ಮೈಗೆ ಅಂಟುತ್ತದೆ, ಗಾಢ ಬಣ್ಣದ ದಪ್ಪ ಬಟ್ಟೆ ಹಾಕಿಸಿ. ವೈರಿನ ಮೈಕ್ ತೊಟ್ಟಿಯ ಹತ್ತಿರ ತರಲೇಬಾರದು, ಕರೆಂಟು ಹೊಡೆದರೆ ನೀರಿನಲ್ಲಿ ನಿಂತವರ ಜೀವ ಹೋಗುತ್ತದೆ.

ಮರುಪ್ರಶ್ನೆ (ಅದೇ ಸದಸ್ಯೆ): ತಲೆಗೆ ನೀರು ಹೊಯ್ದರೆ ಸಾಲದಾ? ಹಿಂದಿನ ದಿನ ಉಪವಾಸ ಇರಲೇಬೇಕಾ?

ಉತ್ತರ (ಸಭಾ ಇತಿಹಾಸ ಬೋಧಕ, ಮಂಗಳೂರು): ಇದೇ ಪ್ರಶ್ನೆ ಆದಿ ಸಭೆಗೂ ಎದುರಾಗಿತ್ತು. ‘ಡಿಡಾಖೆ’ ಎಂಬ ಹಳೆಯ ಗ್ರೀಕ್ ಕೈಪಿಡಿಯ 7ನೇ ಅಧ್ಯಾಯದಲ್ಲಿ ಕ್ರಮ ಇದೆ: ಹರಿಯುವ ನೀರು, ಇಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಅದೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ಯುವುದು. ಅಂದರೆ ಹೊಯ್ಯುವುದು ಕೊನೆಯ ದಾರಿ. ನಮ್ಮಂಥ ಪೆಂತೆಕೊಸ್ತ್ ಸಭೆಗಳು ರೋಮಾ 6:4ರ, ಕ್ರಿಸ್ತನೊಂದಿಗೆ ಹೂಣಲ್ಪಡುವ ಅರ್ಥ ಹಿಡಿದು ಮುಳುಗಿಸುತ್ತವೆ. ಸ್ಟೂಲಿನಿಂದ ಆಗುವುದಾದರೆ ಮುಳುಗಿಸುವುದೇ ಸರಿ. ತೊಟ್ಟಿಗೆ ನಾಲ್ಕು ಹಂಡೆ ಬಿಸಿನೀರು ಬೆರೆಸಿಕೊಳ್ಳಿ.

ಸ್ನಾನ ಹೊಂದುವವರು ಒಂದೆರಡು ದಿನ ಉಪವಾಸ ಇರಲಿ ಎಂದೂ ಅದರಲ್ಲಿದೆ. ಆದರೆ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿದ್ದರೆ ಶುಗರ್ ಇಳಿದು ನೀರಿನಲ್ಲೇ ತಲೆಸುತ್ತು ಬರಬಹುದು. ಅತ್ತೆಯವರು ಗಂಜಿ ಉಂಡು ಬರಲಿ. ಸ್ನಾನ ಕೊಡುವವರೂ ಶಕ್ತಿಯಿರುವ ಇತರರೂ ಉಪವಾಸ ಮಾಡಲಿ ಎಂದು ಅದೇ ಅಧ್ಯಾಯದಲ್ಲಿದೆ. ಆ ಉಪವಾಸವನ್ನು ಸೊಸೆಯಾಗಿ ನೀವೇ ಮಾಡಬಹುದು.